ಎತ್ತಿನ ಗೂಟದ ಪ್ಯಾಕಾರ್ಡ್

ಸುಮಿತಾ ಮಾಡಿದ ತಪ್ಪು ಇಷ್ಟೇ: ಕಾರಿನ ಬಾನೆಟ್ಟಿನ ಮೇಲೆ ಕೈ ಊರಿ ನಿಂತು, ಅದರ ಬೆಲೆಯನ್ನು ಬಾಯಿ ಬಿಟ್ಟು ಹೇಳಿದಳು. ಎಷ್ಟು ಹೇಳಿದಳು ಎಂದು ನನ್ನನ್ನು ಕೇಳಬೇಡಿ. ಈ ಕಾರಿನ ಬೆಲೆಯ ವಿಷಯದಲ್ಲಿ ಒಂದು ಅಂಕಿಯೂ ನನ್ನ ಬಾಯಿಂದ ಬರುವುದಿಲ್ಲ. ಯಾಕೆಂಬುದು ಕಥೆ ಮುಗಿಯುವುದರೊಳಗೆ ನಿಮಗೇ ತಿಳಿಯುತ್ತದೆ.

ಅದು ನಡೆದದ್ದು ಹೋದ ವರ್ಷ, ಮಹಾನವಮಿಯ ಹಿಂದಿನ ದಿನ, ಮುಂಡಗೋಡ ತಾಲೂಕಿನ ಸನವಳ್ಳಿಯಲ್ಲಿ, ಹೊಳೆವ್ವನ ದನದ ಕೊಟ್ಟಿಗೆಯಲ್ಲಿ. ಹೊಳೆವ್ವನಿಗೆ ಎಂಬತ್ತು ದಾಟಿದೆ, ಕಿವಿ ಮಾತ್ರ ಹದಿನೆಂಟರದು. ಸುಮಿತಾಳ ಮಾತು ಕೇಳಿದ್ದೇ ತಡ, ಮುದುಕಿ ಮೇವಿನ ಗೋದಲಿಯ ಮೇಲಿದ್ದ ಗೋಣಿತಟ್ಟನ್ನು ಎಳೆದು ಕಾರಿನ ಎರಡೂ ದೀಪಗಳ ಮೇಲೆ ಹೊದಿಸಿದಳು. ನೆಟ್ಟಗೆ ಒಳಗೆ ಹೋದಳು. ಪ್ರತಿ ವರ್ಷ ಬರುತ್ತಿದ್ದ ಚುರಮುರಿ, ಚಹಾ ಯಾವುದೂ ಅಂದು ಹೊರಗೆ ಬರಲಿಲ್ಲ.

'ಕಡಿಮೆ ಅಂದೆ, ಅದಕ್ಕ ಸಿಟ್ಟಾದ್ರು' ಎಂದುಕೊಂಡಳು ಸುಮಿತಾ. ಜಾಣರಿಗೂ ಒಮ್ಮೊಮ್ಮೆ ಹೀಗೆ ಮಂಕು ಕವಿಯುತ್ತದೆ.

ಕಾರಿನ ವಿಷಯ ಹೇಳಬೇಕು. ಅದು ಅಮೆರಿಕದ ಪ್ಯಾಕಾರ್ಡ್, ೧೯೪೮ರದು. ಬಟ್ಟೆಯ ಛಾವಣಿಯನ್ನು ಹಿಂದಕ್ಕೆ ಮಡಚಿಟ್ಟರೆ ಪೂರ್ತಿ ಬಯಲು. ಒಂದೇ ಸಾಲಿನಲ್ಲಿ ಎಂಟು ಸಿಲಿಂಡರು, ಮಲಗಿ ನಿದ್ದೆ ಮಾಡುವಷ್ಟು ಅಗಲದ ತೊಗಲಿನ ಸೀಟು, ಮೂತಿಯ ಮೇಲೆ ರೆಕ್ಕೆ ಎತ್ತಿ ನಿಂತ ಬೆಳ್ಳಿ ಬಣ್ಣದ ಹಂಸ. ಸೂಪಾದ ಕಡೆ ಮ್ಯಾಂಗನೀಸ್ ಗಣಿ ನಡೆಸುತ್ತಿದ್ದ ಒಬ್ಬ ಸಾಹುಕಾರ ಅದನ್ನು ಮುಂಬೈಯಿಂದ ತರಿಸಿದ್ದನಂತೆ. ಅಣೆಕಟ್ಟು ಎದ್ದು ಹಳೇ ಸೂಪಾ ನೀರಿಗೆ ಹೋಗುವುದು ಖಾತ್ರಿಯಾದಾಗ ಅವನಿಗೆ ಮನೆಯ ಸಾಮಾನು ಸಾಗಿಸಲು ಎತ್ತು ಬೇಕಾದವು. ಕಾರು ನೋಡಿದರೆ ಕೆಟ್ಟು ಕೂತಿತ್ತು. ಅಕ್ಕಿ ವ್ಯಾಪಾರಕ್ಕೆಂದು ಅಲ್ಲಿಗೆ ಹೋಗಿದ್ದ ಹೊಳೆವ್ವನ ಗಂಡ ಚನಬಸಪ್ಪ ತನ್ನ ಗಾಡಿಗೆ ಕಟ್ಟಿದ್ದ ಜೋಡೆತ್ತು ಬಿಚ್ಚಿಕೊಟ್ಟು, ಅವುಗಳ ಬದಲು ಆ ಕಾರು ತಂದ. ತರಲು ಬಾಡಿಗೆ ಎತ್ತುಗಳನ್ನೇ ಹೂಡಬೇಕಾಯಿತು.

ಆದರೆ ಅವನು ಕೊಟ್ಟುಬಂದ ಎತ್ತುಗಳು ಅವನವಲ್ಲ. ಹೊಳೆವ್ವನ ತವರಿನವರು ಮದುವೆಯಲ್ಲಿ ಮಗಳ ಹಿಂದೆ ಕಳಿಸಿದ್ದವು. ಹೊಳೆವ್ವ ಒಂದು ವರ್ಷ ಗಂಡನ ಜೊತೆ ನೆಟ್ಟಗೆ ಮಾತಾಡಲಿಲ್ಲ. ಆಮೇಲೆ ಒಂದು ದಿನ ತಾನೇ ಎದ್ದು, ಅಂಗಳದಲ್ಲಿ ಬಿಸಿಲು ಕಾಯುತ್ತಿದ್ದ ಕಾರನ್ನು ಆಳುಗಳಿಂದ ತಳ್ಳಿಸಿ, ಕೊಟ್ಟಿಗೆಯಲ್ಲಿ ಆ ಎತ್ತುಗಳು ನಿಲ್ಲುತ್ತಿದ್ದ ಜಾಗದಲ್ಲೇ ನಿಲ್ಲಿಸಿದಳು. ಅದೇ ಗೂಟ, ಅದೇ ಗೋದಲಿ. ಎತ್ತಿನ ಬದಲು ಬಂದದ್ದು ಎತ್ತಿನ ಜಾಗದಲ್ಲೇ ಇರಬೇಕೆಂಬುದು ಅವಳ ನ್ಯಾಯ. ಅಂದಿನಿಂದ ಕಾರಹುಣ್ಣಿಮೆಗೆ ಅದರ ಬಂಪರಿಗೆ ಎತ್ತಿನ ಕೊಂಬಿಗೆ ಬಳಿಯುವ ಕೆಂಪು ಹುರಮಂಜು, ಮಹಾನವಮಿಯ ಖಂಡೆಪೂಜೆಗೆ ಹಣೆಯ ಮೇಲೆ ಮೂರು ಬೆರಳಿನ ವಿಭೂತಿ. ಕೋಳಿಗಳು ಹತ್ತಿ ಕೊಳೆ ಮಾಡುತ್ತವೆಂದು ಹಂಸವನ್ನು ಬಿಚ್ಚಿಸಿ ದೇವರ ಜಗಲಿಯ ಮೇಲಿಟ್ಟಳು. ಐವತ್ತು ವರ್ಷ ಆ ಕಾರು ಒಂದು ಮಾರು ದೂರವೂ ತಾನಾಗಿ ಓಡಿಲ್ಲ. ಓಡದಿದ್ದರೇನು, ಮನೆಯ ದನಗಳ ಲೆಕ್ಕದಲ್ಲಿ ಅದೂ ಒಂದಾಗಿತ್ತು.

ಸುಮಿತಾ ದಾಂಡೇಲಿಯವಳು. ಜೋಯಿಡಾ, ಅಣಶಿಯ ಕಾಡುದಾರಿಯಲ್ಲಿ ಪ್ರವಾಸಿಗರನ್ನು ಹೊತ್ತು ಕುಣಿದು ಬರುವ ಜೀಪುಗಳ ಮೈಕೈ ಸರಿಮಾಡುವ ಗ್ಯಾರೇಜು ಅವಳದು. ಹುಬ್ಬಳ್ಳಿಯ ಐಟಿಐಯಲ್ಲಿ ಡೀಸೆಲ್ ಮೆಕ್ಯಾನಿಕ್ ಕಲಿಯುವಾಗ ಇಡೀ ತರಗತಿಗೆ ಅವಳೊಬ್ಬಳೇ ಹೆಣ್ಣು. ಈಗ ದಾಂಡೇಲಿಯಲ್ಲಿ ಗೇರು ಬಾಕ್ಸು ಬಿಚ್ಚಬೇಕಾದರೆ ಗಂಡಸರೇ ಅವಳ ಬಾಗಿಲಿಗೆ ಬರುತ್ತಾರೆ. ಗಂಡ ಉದಯಕುಮಾರ ಕಾಗದದ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾನೆ. ಹೆಂಡತಿಯ ಕೈಚಳಕದ ಬಗ್ಗೆ ಅವನಿಗೆ ಹೆಮ್ಮೆ, ಅದನ್ನು ತೋರಿಸಿಕೊಳ್ಳದಿರಲು ಸದಾ ಚೇಷ್ಟೆ.

ಹನ್ನೆರಡು ವರ್ಷದ ಹಿಂದೆ, ಮುಂಡಗೋಡದಿಂದ ಬರುವಾಗ ನೀರು ಕೇಳಲು ಹೊಳೆವ್ವನ ಮನೆಯ ಮುಂದೆ ನಿಂತವಳು ಕೊಟ್ಟಿಗೆಯ ಕತ್ತಲೆಯಲ್ಲಿ ಆ ಮೂತಿ ಕಂಡು ನೀರು ಕುಡಿಯುವುದನ್ನೇ ಮರೆತಳು. ಅವಳಿಗೆ ಅದರ ಮೇಲೆ ಮನಸ್ಸಾಯಿತು. ಮುಚ್ಚಿಡುವುದೇನಿದೆ, ಅದು ಪ್ರೀತಿಯೇ. ಅಂದಿನಿಂದ ಪ್ರತಿ ಮಹಾನವಮಿಯ ಹಿಂದಿನ ದಿನ ಅವಳು ಸನವಳ್ಳಿಗೆ ಬರುತ್ತಾಳೆ. ಎಂಟೂ ಪ್ಲಗ್ಗು ಬಿಚ್ಚಿ, ಎಂಟೂ ತೂತಿಗೆ ಎಣ್ಣೆ ಬಿಟ್ಟು, ಪುಲ್ಲಿಯ ನಟ್ಟಿಗೆ ಪಾನಾ ಹಾಕಿ ಇಂಜಿನನ್ನು ಕೈಯಿಂದಲೇ ನಾಲ್ಕು ಸುತ್ತು ತಿರುಗಿಸುತ್ತಾಳೆ. ಹಾಗೆ ಮಾಡದಿದ್ದರೆ ಒಳಗೆ ತುಕ್ಕು ಹಿಡಿದು ಇಂಜಿನು ಕಲ್ಲಾಗಿಬಿಡುತ್ತದೆ. ಇದಕ್ಕೆ ಅವಳು ಒಂದು ರೂಪಾಯಿ ತೆಗೆದುಕೊಂಡವಳಲ್ಲ. ಹತ್ತು ವರ್ಷ ಹೀಗೆ ನಡೆದು, ಹನ್ನೊಂದನೆಯ ವರ್ಷ ಆ ಮಾತಾಡಿ ಕೆಡಿಸಿಕೊಂಡಳು.

ಈ ವರ್ಷ ಬೇಸಿಗೆಯಲ್ಲಿ ಹೊಳೆವ್ವನ ಮಗ ನಾಗಲಿಂಗಪ್ಪ ಫೋನು ಮಾಡಿದ.

"ಸುಮಿತಾ ಅಕ್ಕಾರ, ಕೊಟ್ಟಿಗಿ ಕೆಡವಾಕತ್ತೇವ್ರಿ. ಆ ಜಾಗಾದಾಗ ಮನಿ ಕಟ್ಟಸ್ಬೇಕು. ಕಾರ ಕೊಟ್ಟಬಿಡೂದಕ್ಕ ಅವ್ವನೂ ಒಪ್ಯಾಳ. ಸೋಮವಾರ ಪುಣೆದಾಂವ ಒಬ್ಬಾಂವ ನೋಡಾಕ ಬರ್ತಾನ. ಇಂಜಿನ್ ತಿರಗತೈತಿ ಅಂತ ತೋರ್ಸಾಕ ನೀವ ಬೇಕ್ರಿ."

"ಬರ್ತೇನ್ರಿ ಸಾವ್ಕಾರ್ರ. ಆದ್ರ ತೋರ್ಸಾಕ ಅಲ್ಲ, ತಗೊಳ್ಳಾಕ ಬರ್ತೇನಿ."

ಆ ಕಡೆಯಿಂದ ನಾಗಲಿಂಗಪ್ಪ, "ಬರ್ರಿ, ನೋಡೂಣು" ಎಂದ.

ಅವಳ ಹತ್ತಿರ ಎರಡು ಜೀಪುಗಳಿದ್ದವು, ಸ್ವಂತದವು, ಬಾಡಿಗೆಗೆ ಓಡುವಂಥವು. ಭಾನುವಾರದೊಳಗೆ ಎರಡನ್ನೂ ಮಾರಿದಳು. ಇದು ಹುಡುಗಾಟವಲ್ಲ. ಮನೆಗೆ ಬರುವ ದುಡಿಮೆಯ ಅರ್ಧ ಆ ಜೀಪುಗಳದ್ದು. ಕಾರು ಕೈ ತಪ್ಪಿದರೆ ಇತ್ತ ಜೀಪೂ ಇಲ್ಲ, ಅತ್ತ ಕಾರೂ ಇಲ್ಲ. ಅದಕ್ಕಿಂತ ಹೆಚ್ಚಿನ ಮಾತೆಂದರೆ, ಹನ್ನೆರಡು ವರ್ಷ ಮನಸ್ಸಿನಲ್ಲಿಟ್ಟುಕೊಂಡ ಜೀವ ಯಾರದೋ ಪಾಲಾಗುತ್ತದೆ. ಇಷ್ಟೆಲ್ಲ ಗೊತ್ತಿದ್ದೂ ಅವಳು ಸೋಮವಾರ ಬೆಳಿಗ್ಗೆ ಕಟ್ಟಿಗೆ ಸಾಗಿಸುವ ಲಾರಿಯೊಂದನ್ನು ಬಾಡಿಗೆಗೆ ಹಿಡಿದು, ದಾರಿಯಲ್ಲಿ ಹಳಿಯಾಳದ ಪೇಟೆಯಲ್ಲಿ ನಿಲ್ಲಿಸಿ, ಕಾರನ್ನು ಲಾರಿಗೆ ಎಳೆಯಲು ಒಂದು ಹೊಸ ದಪ್ಪ ಹಗ್ಗವನ್ನೂ ಕೊಂಡಳು.

"ಕಾರ ಕೊಡ್ತಾರೋ ಇಲ್ಲೋ ಗೊತ್ತಿಲ್ಲ, ನೀ ಲಾರಿ ತಗೊಂಡ ಹೊಂಟೀದಿ" ಎಂದ ಉದಯಕುಮಾರ. ಅಂದು ಅವನಿಗೆ ವಾರದ ರಜೆ, ನೋಡುವ ಚಪಲಕ್ಕೆ ಜೊತೆಗೆ ಬಂದಿದ್ದ. "ಖಾಲಿ ಬರೂದಾದ್ರ ಮುಂಡಗೋಡದಾಗ ಮಾವಿನಹಣ್ಣ ಹೇರ್ಕೊಂಡ ಬರೂಣು. ಬಾಡಿಗಿಯರ ಹುಟ್ಟೀತು."

"ಖಾಲಿ ಬರೂದಿಲ್ರಿ."

"ಅಷ್ಟ ಖಾತ್ರಿ ಹೆಂಗ?"

"ಅದರ ಎಂಟೂ ಸಿಲಿಂಡರನ್ಯಾಗ ನನ್ನ ಕೈ ಎಣ್ಣಿ ಐತಿ. ಅದು ಇನ್ನೊಬ್ಬರ ಹಿಂದ ಹೋಗೂದಿಲ್ಲ."

ಉದಯಕುಮಾರ ಲಾರಿ ಡ್ರೈವರನ ಕಡೆ ನೋಡಿ ಕಣ್ಣು ಹೊಡೆದ. ಆದರೆ ಅವಳ ಮುಖ ನೋಡಿ ಮುಂದಿನ ಚೇಷ್ಟೆಯನ್ನು ನುಂಗಿಕೊಂಡ.

ಪುಣೆಯವನು ಅವರಿಗಿಂತ ಮೊದಲೇ ಬಂದಿದ್ದ. ಬಿಳಿ ಶರ್ಟು, ಕಪ್ಪು ಕನ್ನಡಕ, ಕೈಯಲ್ಲಿ ಫೋನು. ಕಾರಿನ ಸುತ್ತ ಸುತ್ತಿ, ಬಗ್ಗಿ, ಮಲಗಿ ಫೋಟೋ ತೆಗೆಯುತ್ತಿದ್ದ. ಹೊಳೆವ್ವ ಗೋದಲಿಯ ಕಟ್ಟೆಯ ಮೇಲೆ ಕೂತು ಅವನನ್ನೇ ನೋಡುತ್ತಿದ್ದಳು. ಸುಮಿತಾ ಬಂದದ್ದನ್ನು ಕಂಡೂ ಕಾಣದವಳಂತಿದ್ದಳು. ಹೋದ ವರ್ಷದ ಸಿಟ್ಟು ಇನ್ನೂ ಇಳಿದಿರಲಿಲ್ಲ.

ಸುಮಿತಾ ಕೆಲಸಕ್ಕೆ ಕೈ ಹಚ್ಚಿದಳು. ಪಾನಾ ಹಾಕಿ ತಿರುಗಿಸಿದಾಗ ಇಂಜಿನು ಉಸಿರುಬಿಟ್ಟಂತೆ ಮೆಲ್ಲಗೆ ಸುತ್ತಿತು. ಪುಣೆಯವನ ಮುಖ ಅರಳಿತು. ಅವನು ಕನ್ನಡ, ಮರಾಠಿ ಎರಡನ್ನೂ ಕಲಸಿ, ಹಂಸ ಎಲ್ಲಿ ಎಂದು ಕೇಳಿದ. ನಾಗಲಿಂಗಪ್ಪ ಒಳಗೆ ಓಡಿ ಜಗಲಿಯ ಮೇಲಿಂದ ಹಂಸವನ್ನು ಎತ್ತಿಕೊಂಡು ಬಂದ. ವಿಭೂತಿ, ಕುಂಕುಮ ಮೆತ್ತಿದ್ದ ಅದನ್ನು ಪುಣೆಯವನು ಕರವಸ್ತ್ರದಿಂದ ಒರೆಸಿ, ಅಂಗೈಯಲ್ಲಿ ತೂಗಿ ನೋಡಿದ. ಹೊಳೆವ್ವ ಮುಖ ತಿರುಗಿಸಿದಳು.

ಆಮೇಲೆ ಅವನು ಬಾನೆಟ್ಟಿನ ಮೇಲೆ ಒಂದು ಏಟು ಹಾಕಿ, ಕೊಟ್ಟಿಗೆಯೆಲ್ಲ ಕೇಳುವಂತೆ ಬೆಲೆ ಹೇಳಿದ.

ಸುಮಿತಾ ಸೊಂಟಕ್ಕೆ ಕಟ್ಟಿಕೊಂಡು ಬಂದ ಗಂಟನ್ನು ಮೂರು ಸಲ ಬಿಚ್ಚಿ ಸುರಿದರೂ ಮುಟ್ಟದಂಥ ಬೆಲೆ. ನಾಗಲಿಂಗಪ್ಪನ ಕಣ್ಣು ಅಗಲವಾದವು. ಉದಯಕುಮಾರ ಹೆಂಡತಿಯ ಬೆನ್ನ ಹಿಂದೆ ಬಂದು ನಿಂತ, ಈ ಸಲ ಚೇಷ್ಟೆಗಲ್ಲ.

ಹೊಳೆವ್ವ ಎದ್ದಳು. ಗೋಣಿತಟ್ಟು ಎಳೆದು ಕಾರಿನ ದೀಪಗಳ ಮೇಲೆ ಹೊದಿಸಿದಳು. "ನಾ ಕೊಡೂದಿಲ್ಲ" ಎಂದಳು.

"ಅವ್ವಾ, ಅವರು ಹೇಳಿದ್ದ ಕೇಳಿಸ್ತಿಲ್ಲೋ?" ಎಂದ ನಾಗಲಿಂಗಪ್ಪ.

"ಕೇಳಿಸ್ತು. ಅದಕ್ಕೂ ಕೇಳಿಸ್ತು."

ಪುಣೆಯವನಿಗೆ ಇದು ಬೆಲೆ ಏರಿಸುವ ಆಟದಂತೆ ಕಂಡಿತು. ನಕ್ಕು ಇನ್ನಷ್ಟು ಏರಿಸಿದ, ಇನ್ನೂ ಗಟ್ಟಿಯಾಗಿ. ತನ್ನ ಹತ್ತಿರ ಇಂಥದೇ ಇನ್ನೊಂದು ಕಾರಿದೆ, ಅದರ ಇಂಜಿನು ಒಡೆದಿದೆ. ಇದರ ಇಂಜಿನು ಅದಕ್ಕೆ, ಹಂಸ ಅದಕ್ಕೆ, ಉಳಿದ ಮೈಯನ್ನು ಬಿಡಿಯಾಗಿ ಮಾರಿದರಾಯಿತು ಎಂದು ಕಾರಿನ ಎದುರಿಗೇ ನಿಂತು ವಿವರಿಸಿದ. ಮುದುಕಿ ಗೋಣಿತಟ್ಟನ್ನು ಇನ್ನೂ ಕೆಳಗೆ ಎಳೆದಳು, ದೀಪದ ಪಕ್ಕಗಳನ್ನೂ ಮುಚ್ಚುವಂತೆ. ಕಿವಿ ಮುಚ್ಚುವ ಹಾಗೆ.

ಆಗ ಸುಮಿತಾಳಿಗೆ ಹೊಳೆಯಿತು.

ಅವಳ ಅಪ್ಪ ದ್ಯಾಮಪ್ಪ ಹಳಿಯಾಳದ ದನದ ಸಂತೆಯಲ್ಲಿ ದಲಾಲಿ ಮಾಡುತ್ತಿದ್ದ. ಅವನು ತೀರಿಹೋಗಿ ಎಷ್ಟೋ ವರ್ಷಗಳಾದವು. ಚಿಕ್ಕಂದಿನಲ್ಲಿ ಅವಳು ಅವನ ಬೆನ್ನಿಗೇ ಸಂತೆಗೆ ಹೋಗುತ್ತಿದ್ದಳು. ಒಮ್ಮೆ, ಒಂಬತ್ತು ವರ್ಷದವಳಿದ್ದಾಗ, ಆಚೆಯವರು ಒಂದು ಎತ್ತಿಗೆ ಹೇಳಿದ ಬೆಲೆಯನ್ನು ಅವಳು ಎತ್ತಿನ ಪಕ್ಕದಲ್ಲೇ ನಿಂತು ಕೂಗಿ ಹೇಳಿದ್ದಳು. ಅಪ್ಪ ಓಡಿಬಂದು ಅವಳ ಬಾಯಿಗೆ ಕೈ ಅಡ್ಡ ಇಟ್ಟಿದ್ದ. 'ಎತ್ತಿನ ಮುಂದ ರೇಟ್ ಅನಬಾರದು ಮಗಳ. ಅದು ಕೇಳಿಸ್ಕೊಂಡ್ರ ಮನಸ್ಸ ಮುರ್ಕೋತೈತಿ. ಮಾರಿದವರ ಮ್ಯಾಲೂ ಸಿಟ್ಟ, ತಗೊಂಡವರ ಮ್ಯಾಲೂ ಸಿಟ್ಟ.' ಅದಕ್ಕೇ ಸಂತೆಯಲ್ಲಿ ವ್ಯಾಪಾರವೆಲ್ಲ ಟವೆಲ್ಲಿನ ಕೆಳಗೆ, ಬೆರಳಿನ ಎಣಿಕೆಯಲ್ಲೇ ಬೆಲೆ ತಿಳಿಸಿ, ಬಾಯಿ ಮುಚ್ಚಿ. ನಾಗಲಿಂಗಪ್ಪನಿಗೆ ಇದು ತಿಳಿಯದ್ದು ಅವನ ತಪ್ಪಲ್ಲ; ಅವನು ಎತ್ತು ಕೊಂಡವನೇ ಅಲ್ಲ, ಬೋರ್ಡಿನ ಮೇಲೆ ರೇಟು ಬರೆದ ಅಂಗಡಿಯಿಂದ ಟ್ರ್ಯಾಕ್ಟರು ತಂದವನು. ಆದರೆ ದ್ಯಾಮಪ್ಪನ ಮಗಳು? ಕಬ್ಬಿಣ ಕಂಡಳು, ಕಬ್ಬಿಣವೆಂದೇ ಮಾತಾಡಿದಳು. ತನ್ನ ಮೇಲೆ ತನಗೇ ನಾಚಿಕೆಯಾಯಿತು.

ಅವಳು ಹೋಗಿ ಮೊದಲು ಕಾರಿನ ಬಂಪರು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆಮೇಲೆ ಹೊಳೆವ್ವನ ಪಕ್ಕ ಕೂತಳು.

"ಅವ್ವಾರ, ಹೋದ ವರ್ಸ ಇದರ ಮುಂದ ಅನಬಾರದ್ದ ಅಂದೆ. ಹೊಟ್ಟ್ಯಾಗ ಹಾಕ್ಕೋರಿ."

ಹೆಗಲ ಮೇಲಿದ್ದ ಗ್ರೀಸು ಹತ್ತಿದ ಟವೆಲ್ಲು ತೆಗೆದು, ಬಲಗೈ ಮೇಲೆ ಹೊದಿಸಿ, ಮುದುಕಿಯ ಮುಂದೆ ಹಿಡಿದಳು.

ಹೊಳೆವ್ವ ಆ ಟವೆಲ್ಲನ್ನು ನೋಡಿದಳು. ಅವಳ ಮುಖದ ಬಿಗಿ ಒಂದೊಂದೇ ಎಳೆಯಾಗಿ ಸಡಿಲವಾಯಿತು. "ಗಂಡಸರ ವ್ಯಾಪಾರ ಇದು. ನಿನಗ ಬರ್ತೈತೇನ ಯವ್ವಾ?"

"ಹಳಿಯಾಳ ಸಂತಿ ದಲಾಲಿ ದ್ಯಾಮಪ್ಪ ನಮ್ಮಪ್ಪ, ಅಂವ ಕಲಿಸ್ಯಾನ್ರಿ. ನಿಮಗ?"

"ಇಂವ ಹುಟ್ಟೂಕಿಂತ ಮೊದಲ ಇವರಪ್ಪ ಕಲಿಸಿದ್ದ" ಎಂದು ಮಗನ ಕಡೆ ಗಲ್ಲ ಎತ್ತಿ ತೋರಿಸಿ, ತನ್ನ ಕೈಯನ್ನು ಟವೆಲ್ಲಿನ ಕೆಳಗೆ ತೂರಿಸಿದಳು.

ಎಲ್ಲರ ಕಣ್ಣೂ ಅಲುಗುವ ಟವೆಲ್ಲಿನ ಮೇಲೆ. ದ್ಯಾಮಪ್ಪ ಇದ್ದಿದ್ದರೆ ಮಗಳಿಗೆ ಬೈಯುತ್ತಿದ್ದ, ಯಾಕೆಂದರೆ ಅವಳು ಕೆಳಗಿನಿಂದ ಶುರುಮಾಡಿ ಮೇಲೆ ಏರಲಿಲ್ಲ. ತನ್ನ ಹತ್ತಿರ ಇದ್ದದ್ದಷ್ಟನ್ನೂ, ಎರಡು ಜೀಪನ್ನೂ ಸೇರಿಸಿ, ಒಂದೇ ಸಲಕ್ಕೆ ಮುದುಕಿಯ ಬೆರಳುಗಳಲ್ಲಿ ಒತ್ತಿಬಿಟ್ಟಳು. ಇನ್ನು ಏರಿಸಲು ಅವಳ ಹತ್ತಿರ ಏನೂ ಇರಲಿಲ್ಲ. ಹೊಳೆವ್ವನ ಕೈ ಅಲುಗಾಡಲಿಲ್ಲ. ಒಣಗಿದ, ಬೆಚ್ಚಗಿನ, ಗಟ್ಟಿ ಕೈ. ಅದು ಹಿಂದಕ್ಕೆ ಸರಿದರೆ ಎಲ್ಲ ಮುಗಿದಂತೆ.

ಕೈ ಸರಿಯಲಿಲ್ಲ. ಬದಲು, ಸುಮಿತಾ ಚಾಚಿ ಹಿಡಿದ ಬೆರಳುಗಳಲ್ಲಿ ಒಂದನ್ನು ಮೆಲ್ಲಗೆ ಒಳಕ್ಕೆ ಮಡಚಿತು. ಬೆರಳು ಮಡಚಿದರೆ ಅಷ್ಟು ಕಡಿಮೆಯೆಂದು ಅರ್ಥ. ಸುಮಿತಾ ತಲೆಯೆತ್ತಿ ನೋಡಿದಳು. ಮುದುಕಿ ಬೇರೆಲ್ಲೋ ನೋಡುತ್ತಿದ್ದಳು. ಎರಡನೆಯ ಬೆರಳನ್ನೂ ಮಡಚಿದಳು. ಸ್ವಲ್ಪ ಯೋಚಿಸಿ ಮೂರನೆಯದನ್ನು ಮಡಚಿ, ಇಡೀ ಕೈಯನ್ನು ತನ್ನ ಮುಷ್ಟಿಯಲ್ಲಿ ಹಿಡಿದು ಒತ್ತಿದಳು. ವ್ಯಾಪಾರ ಮುಗಿಯಿತು.

ಸುಮಿತಾಳ ಕಣ್ಣು ತುಂಬಿ ಬಂದವು. ಒರೆಸಿಕೊಳ್ಳಲು ಟವೆಲ್ಲು ಬೇಕಿತ್ತು, ಟವೆಲ್ಲು ಬೇರೆ ಕೆಲಸದಲ್ಲಿತ್ತು.

"ಹನ್ನೊಂದ ವರ್ಸ ಇದರ ಮೈ ತಿಕ್ಕೀದಿ" ಎಂದಳು ಹೊಳೆವ್ವ ಎದ್ದು ನಿಲ್ಲುತ್ತ. "ಇನ್ನ ಮುಂದ ನಿನ್ನ ಮನ್ಯಾಗ ತಿಕ್ಕು."

"ಎಷ್ಟಕ್ಕ ಆತವ್ವಾ?" ನಾಗಲಿಂಗಪ್ಪ ಮುಂದೆ ಬಂದ. "ಇವರು ಅಷ್ಟ ರೊಕ್ಕ ಕೊಡ್ತೇನಿ ಅಂತ ನಿಂತಾರ. ನಮ್ಮನ್ನೊಂದ ಮಾತ ಕೇಳಬಾರದೇನ?"

"ನನ್ನ ತವರಿನ ಎತ್ತ ಕೊಟ್ಟ ಬರೂ ಮುಂದ ನಿಮ್ಮಪ್ಪ ನನ್ನ ಕೇಳಲಿಲ್ಲ. ಇವತ್ತ ನಾನೂ ಯಾರನ್ನೂ ಕೇಳೂದಿಲ್ಲ."

ಕಾರಿನ ಕಾಗದವೂ ಚನಬಸಪ್ಪ ಹೋದ ಮೇಲೆ ಹೊಳೆವ್ವನ ಹೆಸರಿಗೇ ಆಗಿತ್ತು. ನಾಗಲಿಂಗಪ್ಪನೇನು ಕೆಟ್ಟವನಲ್ಲ, ಚಹಾ ಮಾಡಲು ಒಳಗೆ ಹೇಳಿದ. ಪುಣೆಯವನು ಅದನ್ನು ಕುಡಿದು, ಈ ಹುಚ್ಚರ ಊರಿನ ಗೊಡವೆ ಬೇಡವೆಂಬಂತೆ ತಲೆ ಕೊಡವಿ ಹೊರಟುಹೋದ.

ಹೊಳೆವ್ವ ಕಾಗದಗಳಿಗೆ ಸಹಿ ಹಾಕಿದಳು. ಸುಮಿತಾ ಗಂಟು ಬಿಚ್ಚಿ ಕೊಡಬೇಕಾದದ್ದನ್ನು ಜಗಲಿಯ ಮುಂದಿಟ್ಟು ಬಂದಾಗ ನಾಗಲಿಂಗಪ್ಪ ಹಂಸವನ್ನು ಅವಳ ಕಡೆ ಚಾಚಿದ. "ತಗೋರಿ ಅಕ್ಕಾರ. ಇದಿಲ್ಲಂದ್ರ ಕಾರಿಗೆ ಅರ್ಧಾನೂ ಕಿಮ್ಮತ್ತಿಲ್ಲಂತ. ಪುಣೆದಾಂವ ಅಂತಿದ್ದ."

ಅದು ನಿಜ. ಸುಮಿತಾಳಿಗೆ ಅವನಿಗಿಂತ ಚೆನ್ನಾಗಿ ಗೊತ್ತಿತ್ತು. ಅಂಥ ಹಂಸ ಎಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಕೈ ಚಾಚಬೇಕೆನಿಸಿತು, ಚಾಚಲಿಲ್ಲ.

"ಜಗಲಿ ಮ್ಯಾಲ ಇಡ್ರಿ ಸಾವ್ಕಾರ್ರ. ಎತ್ತು ಕೊಟ್ಟ ಮನಿಯವರು ಹಗ್ಗ ಕೊಡಬಾರದು, ಮನೀ ಲಕ್ಷ್ಮಿ ಹಗ್ಗದ ಹಿಂದ ಹೊಂಟಹೋಗ್ತಾಳ. ಇದರ ಹಗ್ಗ ಈ ಹಂಸ. ನಾ ಹೊಸಾ ಹಗ್ಗ ತಂದೇನಿ."

ಲಾರಿಗೆ ಎಳೆಯಲೆಂದು ಹಳಿಯಾಳದಲ್ಲಿ ಕೊಂಡ ಹಗ್ಗ ಅದು. ಕೊಳ್ಳುವಾಗ ಅವಳಿಗೆ ಇದ್ಯಾವುದೂ ತಲೆಯಲ್ಲಿರಲಿಲ್ಲ. ಹೊಳೆವ್ವ ಹಗ್ಗವನ್ನು ತನ್ನ ಕೈಗೆ ತೆಗೆದುಕೊಂಡು, ಅದರ ತುದಿಗೆ ವಿಭೂತಿ ಹಚ್ಚಿ, ತಾನೇ ಬಗ್ಗಿ ಬಂಪರಿನ ಕೆಳಗೆ ಗಂಟು ಹಾಕಿದಳು. ಎದ್ದು ಸೊಂಟದ ಮೇಲೆ ಕೈಯಿಟ್ಟುಕೊಂಡು ಸುಮಿತಾಳನ್ನು ಮೇಲಿಂದ ಕೆಳಗೆ ನೋಡಿದಳು.

"ಈಗ ನೀ ದ್ಯಾಮಪ್ಪನ ಮಗಳು" ಎಂದಳು.

ಹತ್ತು ಜನ ಸೇರಿ ಹಲಗೆಯ ಮೇಲೆ ಹತ್ತಿಸಿ ಕಾರನ್ನು ಲಾರಿಯೊಳಗೆ ನಿಲ್ಲಿಸಿದರು. ಹೊಳೆವ್ವ ರಸ್ತೆಯವರೆಗೂ ಬಂದಳು. ಲಾರಿ ಹೊರಟಾಗ ಕಣ್ಣಿಗೆ ಸೆರಗು ಹಚ್ಚಿದಳೇ ಹೊರತು ಕರೆಯಲಿಲ್ಲ, ಕೈ ಬೀಸಲಿಲ್ಲ. ಮನೆಯಿಂದ ಹೊರಟ ಎತ್ತನ್ನು ಹಿಂದೆ ತಿರುಗಿ ನೋಡುವಂತೆ ಮಾಡಬಾರದು.

ಮುಂದೆ ಡ್ರೈವರನ ಪಕ್ಕ ಕೂರಲು ಸುಮಿತಾ ಒಪ್ಪಲಿಲ್ಲ. ಲಾರಿಯೊಳಗೆ ಹತ್ತಿ, ಇಲಿ ಕಡಿದ ಛಾವಣಿಯನ್ನು ಹಿಂದಕ್ಕೆ ಮಡಚಿ, ಸ್ಟೇರಿಂಗ್ ಹಿಡಿದು ಕಾರಿನಲ್ಲೇ ಕೂತಳು. ಉದಯಕುಮಾರ ಬೇಡವೆನ್ನುತ್ತಲೇ ಪಕ್ಕಕ್ಕೆ ಬಂದು ಕೂತ. ಲಾರಿಯ ಮೇಲೆ ಕಾರು, ಕಾರಿನಲ್ಲಿ ಗಂಡ ಹೆಂಡತಿ, ಮೇಲೆ ಸಾಗುವಾನಿಯ ಟೊಂಗೆಗಳು. ದಾರಿಯುದ್ದಕ್ಕೂ ಜನ ಎಮ್ಮೆ ಹೊಡೆಯುವುದನ್ನು ಬಿಟ್ಟು ನಿಂತು ನೋಡಿದರು. ಒಬ್ಬ ಮುದುಕ ಕೈ ಮುಗಿದೇಬಿಟ್ಟ. ಸುಮಿತಾ ರಾಣಿಯ ಹಾಗೆ ತಲೆ ಬಾಗಿಸಿದಳು.

"ಆ ದೊಡ್ಡ ರೊಕ್ಕದಾಂವ ಇರೂ ಮುಂದ ಅಜ್ಜಿ ನಿನಗ ಹೆಂಗ ಕೊಟ್ಲು?" ಹಳಿಯಾಳ ದಾಟಿದ ಮೇಲೆ ಉದಯಕುಮಾರ ತಡೆಯಲಾರದೆ ಕ್ಯಾತೆ ತೆಗೆದ. "ಇದ್ದದ್ದೆಲ್ಲಾ ಸುರದಬಂದಿ ಹೌದಲ್ಲ? ಖರೇ ಹೇಳ, ಎಷ್ಟಕ್ಕ..."

ಸುಮಿತಾ ತುಟಿಯ ಮೇಲೆ ಬೆರಳಿಟ್ಟು ಬಾನೆಟ್ಟಿನ ಕಡೆ ಕಣ್ಣು ತೋರಿಸಿದಳು. ಹಂಸ ಇದ್ದ ಜಾಗದಲ್ಲಿ ಎರಡು ಸಣ್ಣ ತೂತುಗಳಿದ್ದವು.

ಉದಯಕುಮಾರ ಆ ತೂತುಗಳನ್ನು ನೋಡಿದ, ಹೆಂಡತಿಯನ್ನು ನೋಡಿದ. ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಯಂತ್ರಗಳ ಜೊತೆ ದುಡಿದವನು, ಯಂತ್ರಕ್ಕೆ ಕಿವಿ ಇದೆಯೆಂದರೆ ಬಿದ್ದು ಬಿದ್ದು ನಗುವವನು. ಅಂದು ನಗಲಿಲ್ಲ. ಅವಳ ಹೆಗಲ ಮೇಲಿನ ಗ್ರೀಸಿನ ಟವೆಲ್ಲನ್ನು ಎಳೆದುಕೊಂಡು ತನ್ನ ಕೈ ಮೇಲೆ ಹೊದಿಸಿ, ಸುಮ್ಮನೆ ಅವಳ ಮುಂದೆ ಹಿಡಿದ.

ಸುಮಿತಾ ಟವೆಲ್ಲಿನ ಕೆಳಗೆ ಕೈ ಹಾಕಿ, ಅವನ ಬೆರಳುಗಳನ್ನೆಲ್ಲ ಮೊದಲು ಬಿಡಿಸಿ ನೆಟ್ಟಗೆ ಮಾಡಿದಳು. ಆಮೇಲೆ ಒಂದನ್ನು ಮಡಚಿದಳು. ಅವನು ಹುಬ್ಬೇರಿಸಿದ. ಎರಡನೆಯದನ್ನು ಮಡಚಿದಾಗ ಅವನು ಅವಳ ಕಡೆ ತಿರುಗಿದ. ಮೂರನೆಯದನ್ನು ಮಡಚಿದಾಗ ಅವನ ಕಣ್ಣಲ್ಲೂ ನೀರು ಬಂತು, ಮತ್ತು ದಾಂಡೇಲಿ ಬರುವವರೆಗೂ ಅವನು ಆ ಮೂರು ಬೆರಳುಗಳನ್ನು ಬಿಚ್ಚಲಿಲ್ಲ.